ನಾಲಿಗೆಯಮ್ಮನ ಕುರ್ಚಿ

ಆ ಕುರ್ಚಿಗೆ ನಾಲ್ಕು ಕಾಲು. ನಾಲಿಗೆಯಮ್ಮನಿಗೆ ಇದ್ದದ್ದು ಎರಡು, ಅದರಲ್ಲೂ ಒಂದು ಬಾತುಕೊಂಡಿತ್ತು.

ಕುರ್ಚಿಯೆಂದರೆ ಸಿಂಹಾಸನವೇನಲ್ಲ. ಕಬ್ಬಿಣದ ಕಾಲು, ಹಸಿರು ರೆಕ್ಸಿನ್ನಿನ ಹೊದಿಕೆ, ಕೂತೊಡನೆ ಪುಸ್ಸೆಂದು ಉಸಿರು ಬಿಡುವ ಹಳೇ ದಿಂಬು. ಆದರೆ ಮೆಣಸಿನಕಾಯಿ ಸಾಸ್ ಮಾಡುವ ಆ ಕಾರ್ಖಾನೆಯಲ್ಲಿ ಎಲ್ಲರೂ ನಿಂತೇ ಕೆಲಸ ಮಾಡಬೇಕು. ಕಾಯಿ ತೊಳೆಯುವವರು, ಹಂಡೆ ಕಲಕುವವರು, ಬಾಟಲಿಗೆ ಮುಚ್ಚಳ ಬಿಗಿಯುವವರು, ಚೀಟಿ ಅಂಟಿಸುವವರು, ಬೆಳಗಿನಿಂದ ಸಂಜೆಯವರೆಗೆ ನಿಂತದ್ದೇ ನಿಂತದ್ದು. ಗಾಜಿನ ಕೋಣೆಯ ಮ್ಯಾನೇಜರನ್ನು ಬಿಟ್ಟರೆ ಕೂತು ಸಂಬಳ ತೆಗೆದುಕೊಳ್ಳುವವಳು ನಾಲಿಗೆಯಮ್ಮ ಒಬ್ಬಳೇ. ಹತ್ತೊಂಬತ್ತು ವರ್ಷ ಬಾಟಲಿ ಸಾಲಿನಲ್ಲಿ ನಿಂತು, ಹಿಮ್ಮಡಿ ಒಡೆದು, ಕಾಲಿನ ನರಗಳು ನೀಲಿ ಬಳ್ಳಿಯ ಹಾಗೆ ಹಬ್ಬಿದ ಮೇಲೆ ಸಿಕ್ಕ ಕುರ್ಚಿ ಅದು. ಅಜ್ಜಿಕಥೆಯ ರಾಕ್ಷಸನ ಪ್ರಾಣ ಗಿಳಿಯ ಕುತ್ತಿಗೆಯಲ್ಲಿ ಇದ್ದಂತೆ ಅವಳ ಪ್ರಾಣ ಆ ಹಸಿರು ರೆಕ್ಸಿನ್ನಿನಲ್ಲಿತ್ತು.

ಕೆಲಸ ಏನಪ್ಪಾ ಎಂದರೆ, ಪ್ರತಿ ಹಂಡೆ ಸಾಸ್ ಆರಿದ ಮೇಲೆ ಒಂದು ಚಮಚ ಅವಳ ಮುಂದೆ ಬರಬೇಕು. ಅವಳು ಬಾಯಿಗಿಟ್ಟು ‘ಮೆದು’, ‘ನಡು’, ‘ಉರಿ’ ಎಂದು ಮೂರರಲ್ಲಿ ಒಂದನ್ನು ಕಾರ್ಡಿನ ಮೇಲೆ ಬರೆದು ಸಹಿ ಹಾಕಬೇಕು. ಸಹಿಯಿಲ್ಲದ ಹಂಡೆ ಬಾಟಲಿಗೆ ಇಳಿಯುವಂತಿಲ್ಲ. ಉಗಿಯಲು ಬೋಗುಣಿ ಇತ್ತು, ಆದರೆ ಅವಳು ಉಗಿಯುತ್ತಿರಲಿಲ್ಲ. ಅವಳಿಗೆ ಮುಂಚೆ ಆ ಕುರ್ಚಿಯಲ್ಲಿದ್ದ ಮುದುಕಿ, ಎಲ್ಲರೂ ಹಿರಿನಾಲಿಗೆ ಎನ್ನುತ್ತಿದ್ದವಳು, ಕಲಿಸಿದ್ದೇ ಹಾಗೆ. “ಖಾರ ಮೂರು ಸಲ ಬರುತ್ತೆ ಕಣೆ. ನಾಲಿಗೆ ತುದೀಲಿ ಬಾಗಿಲು ತಟ್ಟುತ್ತೆ. ಗಂಟಲಲ್ಲಿ ಒಳಗೆ ಬರುತ್ತೆ. ಕಿವಿ ಹಿಂದೆ ಬಂದು ಕೂತ್ಕೊಳ್ಳುತ್ತೆ. ಉಗಿದುಬಿಟ್ರೆ ಬಾಗಿಲಲ್ಲೇ ಅತಿಥೀನ ವಾಪಸು ಕಳಿಸಿದ ಹಾಗೆ. ಅವನು ಎಂಥವನು ಅಂತ ಹೇಗೆ ಗೊತ್ತಾಗಬೇಕು?” ಹಾಗಾಗಿ ನುಂಗಬೇಕು. ನುಂಗಿ, ಕಣ್ಣು ಮುಚ್ಚಿ, ಮೂರನೆಯದು ಬಂದು ಕೂರುವವರೆಗೆ ಕಾಯಬೇಕು. ಆಮೇಲೆ ಪಕ್ಕದ ಜಗ್ಗಿನಿಂದ ಅರ್ಧ ಲೋಟ ತಣ್ಣನೆ ಹಾಲು. ಹಾಲು ಬಾಯಿ ತೊಳೆದರೆ ಮುಂದಿನ ಹಂಡೆ.

ಆ ಹಿರಿನಾಲಿಗೆ ಕುರ್ಚಿ ಕಳೆದುಕೊಂಡದ್ದು ಹೇಗೆ ಎನ್ನುವುದನ್ನೂ ಹೇಳಿಬಿಡಬೇಕು. ಕಣ್ಣಿನ ಪೊರೆ ತೆಗೆಸಲು ಅವಳು ಹದಿನೈದು ದಿನ ರಜೆ ಹಾಕಿದ್ದಳು. “ಆ ಹದಿನೈದು ದಿನ ನೀನು ನೋಡ್ಕೋ” ಎಂದು ಮ್ಯಾನೇಜರು ಬಾಟಲಿ ಸಾಲಿನಿಂದ ನಾಲಿಗೆಯಮ್ಮನನ್ನು ಕರೆದು ಕೂರಿಸಿದರು. ಹದಿನಾರನೆಯ ದಿನ ಮುದುಕಿ ಕಪ್ಪು ಕನ್ನಡಕ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತಳು. ನಾಲಿಗೆಯಮ್ಮ ತಲೆ ಎತ್ತಲಿಲ್ಲ. ಚಮಚವನ್ನೇ ನೋಡುತ್ತ ಕೂತಳು. ಕೂತೇ ಇದ್ದಳು. ಮುದುಕಿ ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದಳು. ಆಮೇಲೆ ಎರಡು ವರ್ಷ ಮುಚ್ಚಳದ ಸಾಲಿನಲ್ಲಿ ನಿಂತು, ನಿವೃತ್ತಳಾಗಿ, ಒಂದು ದಿನ ಇಲ್ಲವಾದಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತೇನೋ.

ಕುರ್ಚಿಗಳು ಹೇಗೆ ಕೈ ಬದಲಾಯಿಸುತ್ತವೆ ಎನ್ನುವುದು ಇದರಿಂದ ನಾಲಿಗೆಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಕಾಲಿಗೆ ಆದದ್ದು ಸಣ್ಣ ಗಾಯ. ಹಜಾರದಲ್ಲಿ ಯಾರೋ ಅಡ್ಡ ಇಟ್ಟಿದ್ದ ಬಾಟಲಿ ಕ್ರೇಟಿನ ತುದಿ ಮೊಳಕಾಲಿನ ಕೆಳಗೆ ತಗುಲಿ ಚರ್ಮ ಸುಲಿದಿತ್ತು. ಒರೆಸಿಕೊಂಡು ಸುಮ್ಮನಾದಳು. ನಾಲ್ಕು ದಿನಕ್ಕೆ ಸುತ್ತ ಕೆಂಪೇರಿ, ಕೀವಾಗಿ, ಕಾಲು ಮರದ ದಿಮ್ಮಿಯ ಹಾಗಾಯಿತು. ಸೋಮವಾರ ಡಾಕ್ಟರ ಹತ್ತಿರ ಹೋದರೆ ಹೊರಗೆ ಮೂವತ್ತು ಜನ. ಡಾಕ್ಟರು ಗಾಯ ನೋಡಿದರು, ಗಡಿಯಾರ ನೋಡಿದರು, ಬರೆದರು. “ಬೆಳಗ್ಗೆ ಒಂದು, ಸಂಜೆ ಒಂದು, ಹತ್ತು ದಿನ. ಊಟ ಆದ್ಮೇಲೆ. ಖಾರ ಮುಟ್ಟಬೇಡಿ, ಹೊಟ್ಟೆ ಕೆಡುತ್ತೆ. ಮುಂದಿನವರು ಬನ್ನಿ.”

ಖಾರ ಮುಟ್ಟಬೇಡಿ! ಈಜುಗಾರನಿಗೆ ನೀರಿಗಿಳಿಯಬೇಡ ಎಂದಂತಾಯಿತು. ಅವಳು ಬಾಯಿಬಿಟ್ಟು ಹೇಳುವಷ್ಟರಲ್ಲಿ ಮುಂದಿನವರು ಬಂದು ಅವಳ ಸ್ಟೂಲಿನಲ್ಲಿ ಅರ್ಧ ಕೂತಾಗಿತ್ತು.

ಮನೆಯಲ್ಲಿ ಇದ್ದವಳು ಅಕ್ಕ. ಗಂಡಂದಿರು ಹೋದ ಮೇಲೆ ಅಕ್ಕತಂಗಿಯರು ಮತ್ತೆ ಚಿಕ್ಕವರಾದಂತೆ ಎರಡು ಕೋಣೆಯ ಮಹಡಿ ಮನೆಯಲ್ಲಿ ಒಟ್ಟಿಗಿದ್ದರು. ಅಕ್ಕ ಅಂಗಿಗಳಿಗೆ ಕಾಲರು ಹೊಲಿಯುವವಳು. ಬರೀ ಕಾಲರು. ತೋಳು, ಜೇಬು ಬೇರೆ ಯಾರೋ ಹೊಲಿಯುತ್ತಿದ್ದರು. ಪೂರ್ತಿ ಅಂಗಿಯನ್ನು ಅವಳು ನೋಡಿದ್ದೇ ಕಮ್ಮಿ. ಅರವತ್ತು ದಾಟಿದ್ದರೂ ಐವತ್ತಾರರ ತಂಗಿಯನ್ನು ಪುಟ್ಟಿ ಎಂದೇ ಕರೆಯುತ್ತಿದ್ದಳು.

“ಪುಟ್ಟಿ, ರಜೆ ಹಾಕು.”

“ಹಾಕಿದ್ರೆ ಕುರ್ಚಿ ಹೋಗುತ್ತೆ.”

“ಕುರ್ಚಿ ಹೋದ್ರೆ ಹೋಗ್ಲಿ, ಕಾಲು ಹೋದ್ರೆ?”

“ಕುರ್ಚಿ ಹೋದ್ರೇನೇ ಕಾಲು ಹೋಗೋದು ಅಕ್ಕಾ. ಎಂಟು ಗಂಟೆ ಯಾರು ನಿಂತ್ಕೊಳ್ತಾರೆ, ನೀನಾ?”

“ನಿನ್ನ ಬಾಯಿಗೆ ಖಾರ ಯಾಕೆ ಹಾಕ್ತಾರೋ, ಮೊದಲೇ ಬೇಕಾದಷ್ಟಿದೆ” ಎಂದು ಅಕ್ಕ ಮೂಗು ಮುರಿದಳು. ಆಮೇಲೆ ಎದ್ದುಹೋಗಿ ದೊಡ್ಡ ಲೋಟದ ತುಂಬ ಹಾಲು ಕಾಯಿಸಿ, ಆರಿಸಿ, ತಂದು ಹೊಲಿಗೆ ಯಂತ್ರದ ಪಕ್ಕದ ಗಿಡ್ಡ ಸ್ಟೂಲಿನ ಮೇಲಿಟ್ಟಳು. “ಹಟ ಬಿಡಲ್ಲ, ಗೊತ್ತು. ಮಾತ್ರೇನ ಹಾಲಲ್ಲೇ ನುಂಗು. ಹೊಟ್ಟೆಗೆ ತಂಪು. ಆ ಉರೀಗೂ ಮಾತ್ರೆಗೂ ಮಧ್ಯೆ ಒಂದು ಗೋಡೆ ಆದ್ರೂ ಇರ್ಲಿ.”

ಅಕ್ಕ ಹೇಳಿದ ಈ ಗೋಡೆಯ ಮಾತು ನಾಲಿಗೆಯಮ್ಮನಿಗೆ ಹಿಡಿಸಿತು. ಬೆಳಿಗ್ಗೆಯ ಮಾತ್ರೆ ಅಕ್ಕನ ಹಾಲಿನಲ್ಲಿ ಒಳಗೆ ಹೋಯಿತು. ಸಂಜೆಯದು, ಕಡೆಯ ಹಂಡೆಗೆ ಸಹಿ ಹಾಕಿ ಡಬ್ಬಿಯಲ್ಲಿದ್ದ ಎರಡು ತುಂಡು ಬ್ರೆಡ್ ತಿಂದ ಮೇಲೆ, ಕಾರ್ಖಾನೆಯ ಜಗ್ಗಿನ ಹಾಲಿನಲ್ಲಿ. ಹೊಟ್ಟೆ ಉರಿದಷ್ಟೂ ಹಾಲು, ಹಾಲು ಕುಡಿದಷ್ಟೂ ಧೈರ್ಯ. ಮಾತ್ರೆ ಶುರುವಾದ ಮೂರನೆಯ ದಿನಕ್ಕೆ ಹೊಟ್ಟೆಯೊಳಗೆ ಯಾರೋ ಇದ್ದಿಲ ಒಲೆ ಊದುತ್ತಿರುವಂತೆ ಆಗತೊಡಗಿತು. ಬಾಯಿ ಸಪ್ಪೆಯಾಗಿತ್ತು, ಆದರೆ ಕಿವಿಯ ಹಿಂದೆ ಮೂರನೆಯ ಖಾರ ಇನ್ನೂ ಬಂದು ಕೂರುತ್ತಿತ್ತು, ಹಳೇ ನೆಂಟನ ಹಾಗೆ. ಅಷ್ಟು ಸಾಕಿತ್ತು.

ಕಾಲು ಮಾತ್ರ ಇಳಿಯಲಿಲ್ಲ. ಮನೆಗೆ ಹತ್ತಬೇಕಾದ ಮೆಟ್ಟಿಲು ಹದಿನೇಳು. ಮೊದಲು ಎಂಟನೆಯದರಲ್ಲಿ ಒಮ್ಮೆ ನಿಲ್ಲುತ್ತಿದ್ದಳು. ಶನಿವಾರದ ಹೊತ್ತಿಗೆ ನಾಲ್ಕು, ಎಂಟು, ಹನ್ನೆರಡು, ಮೂರು ಕಡೆ ನಿಲ್ಲಬೇಕಾಯಿತು. ಆ ಶನಿವಾರ ಡಾಕ್ಟರು ಪಟ್ಟಿ ಬಿಚ್ಚಿ ಹುಬ್ಬು ಗಂಟಿಕ್ಕಿದರು.

“ಮಾತ್ರೆ ತಗೊಳ್ತಿದೀರಾ?”

“ಒಂದೂ ತಪ್ಪಿಸಿಲ್ಲ ಸ್ವಾಮಿ.”

“ಖಾರ?”

ನಾಲಿಗೆಯಮ್ಮ ಗೋಡೆಯ ಕ್ಯಾಲೆಂಡರು ನೋಡಿದಳು. “ಇಲ್ಲ” ಎಂದಳು. ಆ ‘ಇಲ್ಲ’ ಕಿವಿಯ ಹಿಂದೆ ಹೋಗಿ ಕೂತಿತು.

“ಮತ್ತೆ ಯಾಕೆ ಇಳೀತಿಲ್ಲ? ಬುಧವಾರ ಬನ್ನಿ. ಇಳೀದಿದ್ರೆ ಆಸ್ಪತ್ರೆಗೆ ಸೇರಿಸ್ಕೊಂಡು ಕೊಯ್ದು ಕೀವು ತೆಗೀಬೇಕಾಗುತ್ತೆ. ಎರಡು ವಾರ ಮಲಗಿರ್ಬೇಕು. ಮುಂದಿನವರು.”

ಎರಡು ವಾರ. ಹಿರಿನಾಲಿಗೆಗೆ ಹದಿನೈದು ದಿನ, ಇವಳಿಗೆ ಹದಿನಾಲ್ಕು. ಒಂದು ದಿನದ ರಿಯಾಯಿತಿ ಸಿಕ್ಕಿತಲ್ಲ ಎಂದು ನಗು ಬಂತು, ನಗುವಷ್ಟು ತ್ರಾಣವಿರಲಿಲ್ಲ. ಭಾನುವಾರವಿಡೀ ಗೋಡೆಗೆ ಒರಗಿ ಕೂತು ಯೋಚಿಸಿದಳು. ಖಾರದಿಂದಲೇ ಮಾತ್ರೆ ಹತ್ತುತ್ತಿಲ್ಲ. ಡಾಕ್ಟರು ಅಂದಿದ್ದರು, ಅಕ್ಕ ದಿನಕ್ಕೆ ಹತ್ತು ಸಲ ಅನ್ನುತ್ತಾಳೆ, ತನಗೂ ಹಾಗೇ ಅನ್ನಿಸುತ್ತಿದೆ. ಕುರ್ಚಿಯನ್ನು ತಾನಾಗಿ ಬಿಟ್ಟರೆ ಹತ್ತು ದಿನಕ್ಕೆ ಬಿಟ್ಟಂತೆ. ಆಸ್ಪತ್ರೆ ಸೇರಿ ಬಿಟ್ಟರೆ ಪೂರ್ತಿ ಬಿಟ್ಟಂತೆ.

ಸೋಮವಾರ ಬೆಳಿಗ್ಗೆ ಗಾಜಿನ ಕೋಣೆಗೆ ಹೋದಳು.

“ಸರ್, ಡಾಕ್ಟ್ರು ಖಾರ ಬೇಡ ಅಂದಿದಾರೆ. ಹತ್ತು ದಿನ ಯಾರನ್ನಾದ್ರೂ ನೋಡ್ಕೊಳ್ಳೋಕೆ ಹೇಳಿ.”

ಮ್ಯಾನೇಜರು ಕೆಟ್ಟವರಲ್ಲ. ಅವರಿಗೆ ಹಂಡೆಗಳು ಹೊರಗೆ ಹೋಗಬೇಕು, ಅಷ್ಟೇ. “ಅಯ್ಯೋ, ಹೋಗಿ ಮಲಗಿಬಿಡಿ ಅಮ್ಮ.”

“ಮಲಗಲ್ಲ ಸರ್, ಕೆಲಸಕ್ಕೆ ಬರ್ತೀನಿ. ಬೇರೆ ಏನಾದ್ರೂ ಕೊಡಿ.”

ಕಣ್ಣೆದುರಿಗೆ ಇದ್ದರೆ ಕುರ್ಚಿ ತನ್ನನ್ನು ಮರೆಯುವುದಿಲ್ಲ ಎಂದು ಅವಳ ಲೆಕ್ಕ.

“ಬೇರೆ ಅಂದ್ರೆ ಬೆಳಕಿನ ಮೇಜು ಇದೆ. ನಿಂತು ಮಾಡೋದು, ಆಗುತ್ತಾ?”

“ಆಗುತ್ತೆ.”

ಬೆಳಕಿನ ಮೇಜೆಂದರೆ ತೊಳೆದ ಬಾಟಲಿಗಳನ್ನು ದೀಪದ ಮುಂದೆ ಒಂದೊಂದೇ ಎತ್ತಿ ಹಿಡಿದು, ಒಳಗೆ ಗಾಜಿನ ಚೂರು, ಕೂದಲು, ಕಸ ಇದೆಯೇ ಎಂದು ನೋಡುವ ಜಾಗ. ಅವಳು ತನ್ನ ಹತ್ತೊಂಬತ್ತು ವರ್ಷ ಕಳೆದ ಸಾಲಿನ ತುದಿಯಲ್ಲೇ ಅದಿತ್ತು.

ಕುರ್ಚಿಗೆ ಬಂದವನು ಸ್ಟೋರಿನವನು. ಮೂಟೆ ಲೆಕ್ಕ ಬರೆಯುವ ದಪ್ಪ ಮೀಸೆಯ ಆಳು. ಊಟದ ಹೊತ್ತಿನಲ್ಲಿ ಹಸಿ ಮೆಣಸಿನಕಾಯಿಯನ್ನು ಸೌತೆಕಾಯಿಯಂತೆ ಕಡಿದು ತಿಂದು ಎಲ್ಲರ ಮುಖ ನೋಡುವುದು ಅವನ ಚಟ. “ಖಾರ ಅಂದ್ರೆ ನಂಗೆ ನೀರು ಕುಡಿದ ಹಾಗೆ ನಾಲಿಗೆಯಮ್ಮಾ, ನೀವು ಯೋಚ್ನೆ ಮಾಡ್ಬೇಡಿ” ಎಂದು ಹೇಳಿ ಕೂತ. ದಿಂಬು ಪುಸ್ಸೆಂದಿತು. ಅಷ್ಟು ದೂರಕ್ಕೂ ಆ ಸದ್ದು ಅವಳಿಗೆ ಕೇಳಿಸಿತು, ಅಥವಾ ಕೇಳಿಸಿದಂತಾಯಿತು.

ಅಕ್ಕನಿಗೆ ಮಾತ್ರ ಹಬ್ಬ. “ಕಡೆಗೂ ಬುದ್ಧಿ ಬಂತಲ್ಲ! ಇನ್ನು ನೋಡ್ತಿರು, ಮೂರೇ ದಿನ.” ಸಪ್ಪೆ ಗಂಜಿ, ಬೇಯಿಸಿದ ಆಲೂಗಡ್ಡೆ, ಬೆಳಿಗ್ಗೆ ಒಂದಿದ್ದ ಹಾಲಿನ ಲೋಟ ಎರಡಾಯಿತು, ಸಂಜೆಯ ಮಾತ್ರೆಗೂ ಮನೆಯ ಹಾಲೇ ಬಂತು, ದಪ್ಪನೆಯದು, ಕೆನೆಸಹಿತ. ಸೋಮವಾರ, ಮಂಗಳವಾರ ಎರಡು ದಿನ ನಾಲಿಗೆಯಮ್ಮನ ಬಾಯಿಗೆ ಒಂದು ಕಾಳು ಖಾರ ಬೀಳಲಿಲ್ಲ. ದೀಪದ ಮುಂದೆ ಬಾಟಲಿ ಎತ್ತುತ್ತ, ಇಳಿಸುತ್ತ, ಒಮ್ಮೆ ಎಡಗಾಲಿಗೆ ಭಾರ, ಒಮ್ಮೆ ಬಲಗಾಲಿಗೆ ಭಾರ. ಪ್ರತಿ ಬಾಟಲಿಯೊಳಗೂ ಒಂದೊಂದು ಪುಟ್ಟ ದೀಪ ಕಾಣುತ್ತಿತ್ತು. ಚಿಕ್ಕಂದಿನಲ್ಲಾದರೆ ಅದರೊಳಗೆ ಯಾವ ರಾಜಕುಮಾರಿ ಸಿಕ್ಕಿಕೊಂಡಿದ್ದಾಳೆ ಎಂದು ನೋಡುತ್ತಿದ್ದಳು. ಈಗ ಗಾಜಿನ ಚೂರು ಇಲ್ಲದಿದ್ದರೆ ಸಾಕಿತ್ತು.

ಮಂಗಳವಾರ ಸಂಜೆ ಹದಿನೇಳು ಮೆಟ್ಟಿಲಿಗೆ ಆರು ಸಲ ನಿಂತಳು. ಪಟ್ಟಿ ಬಿಚ್ಚಿದಾಗ ಕೆಂಪು ಮೊದಲಿಗಿಂತ ಎರಡು ಬೆರಳು ಮೇಲೇರಿತ್ತು.

“ಇದೇನೇ ಇದು!” ಅಕ್ಕ ತಲೆಯ ಮೇಲೆ ಕೈ ಹೊತ್ತಳು. “ಕದ್ದು ತಿಂದ್ಯಾ?”

“ಇಲ್ಲ ಅಕ್ಕಾ.”

“ಸುಳ್ಳು ಹೇಳ್ಬೇಡ. ಆ ಚಮಚ ಕಂಡ್ರೆ ನಿಂಗೆ ಕೈ ನಿಲ್ಲಲ್ಲ.”

“ನಿನ್ನಾಣೆ ಇಲ್ಲ. ಎರಡು ದಿನದಿಂದ ನನ್ನ ಬಾಯಿ ಎಳೇ ಮಗೂ ಬಾಯಿ ಹಾಗಿದೆ.”

ಹೇಳುತ್ತಿದ್ದಂತೆ ಅವಳಿಗೇ ಅಳು ಬಂತು. ಕುರ್ಚಿಯೂ ಹೋಯಿತು, ಖಾರವೂ ಹೋಯಿತು, ನೋವು ಮಾತ್ರ ಉಳಿಯಿತು. ನಾಳೆ ಬುಧವಾರ. ಕಣ್ಣೊರೆಸಿಕೊಂಡು, ಹೊಸ ಪಟ್ಟಿ ಬಟ್ಟೆಯಾದರೂ ತರುತ್ತೇನೆಂದು, ಹತ್ತಿ ಬಂದ ಮೆಟ್ಟಿಲನ್ನೇ ಮತ್ತೆ ಇಳಿದಳು.

ಬೀದಿಯ ತುದಿಯಲ್ಲಿ ಮಾತ್ರೆ ಅಂಗಡಿ. ಅದನ್ನು ನಡೆಸುತ್ತಿದ್ದವಳು ಕನ್ನಡಕವನ್ನು ಸದಾ ತಲೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುವ ಹೆಂಗಸು. ನಾಲಿಗೆಯಮ್ಮ ಪಟ್ಟಿ ಬಟ್ಟೆ ಕೇಳಿದಳು. ಆಮೇಲೆ, “ಹೊಟ್ಟೆ ಉರಿಗೆ ಆ ಬಿಳೀ ಔಷಧಿ ಇರುತ್ತಲ್ಲ, ಅದೂ ಒಂದು ಬಾಟ್ಲಿ” ಎಂದಳು.

ಅಂಗಡಿಯವಳ ಕೈ ಕಪಾಟಿನ ಹತ್ತಿರ ಹೋಗಿ ನಿಂತಿತು. “ಬೇರೆ ಏನು ಮಾತ್ರೆ ತಗೊಳ್ತಿದೀರಾ ಅಮ್ಮ?”

ನಾಲಿಗೆಯಮ್ಮ ಚೀಲದಿಂದ ಹಾಳೆ ತೆಗೆದುಕೊಟ್ಟಳು. ಅಂಗಡಿಯವಳು ಕನ್ನಡಕ ಹುಡುಕಿ, ತಲೆಯ ಮೇಲಿಂದ ಮೂಗಿಗೆ ಇಳಿಸಿ ಓದಿದಳು.

“ಇದಕ್ಕೆ ಆ ಬಿಳೀ ಔಷಧಿ ಆಗಲ್ಲ. ಎರಡೂ ಹೊಟ್ಟೇಲಿ ಒಂದಕ್ಕೊಂದು ಅಂಟ್ಕೊಂಡುಬಿಡುತ್ತೆ, ಮಾತ್ರೆ ರಕ್ತಕ್ಕೆ ಹೋಗೋದೇ ಇಲ್ಲ. ಅಂದಹಾಗೆ, ಮಾತ್ರೇನ ಯಾವುದರಲ್ಲಿ ನುಂಗ್ತೀರಾ?”

“ಹಾಲಲ್ಲಿ.”

“ಹಾಲಿನಲ್ಲಾ?”

“ದಿನಕ್ಕೆರಡು ಸಲ. ತುಂಬ ಒಳ್ಳೇ ಹಾಲು” ಎಂದಳು ನಾಲಿಗೆಯಮ್ಮ, ಪಾಠ ಒಪ್ಪಿಸುವ ಮಗುವಿನಂತೆ. “ನಾನು ಖಾರದ ಕೆಲಸ ಮಾಡೋಳು, ಅದಕ್ಕೆ ತಂಪಾಗ್ಲಿ ಅಂತ.”

ಅಂಗಡಿಯವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ಎಷ್ಟು ದಿನದಿಂದ?”

“ಒಂಬತ್ತು.”

“ಅಯ್ಯೋ ದೇವ್ರೇ. ಅಮ್ಮ, ಎಲ್ಲ ಮಾತ್ರೆಗೂ ಹೀಗಲ್ಲ. ಆದ್ರೆ ಈ ಜಾತಿ ಮಾತ್ರೆಗೆ ಹಾಲು ಶತ್ರು. ನೀವು ನುಂಗಿದ್ರಲ್ಲಿ ಎಷ್ಟು ಪಾಲು ಕೆಲಸ ಮಾಡಿದ್ಯೋ ಏನೋ. ಮಾತ್ರೆಗೆ ಎರಡು ಗಂಟೆ ಮುಂಚೆ, ಎರಡು ಗಂಟೆ ಆಮೇಲೆ ಹಾಲು, ಮೊಸರು ಏನೂ ಬೇಡ. ಬರೀ ನೀರು, ಒಂದು ಲೋಟ ತುಂಬ. ಯಾರೂ ಹೇಳ್ಲಿಲ್ವಾ?”

“ಖಾರ ಬೇಡ ಅಂದ್ರು.”

“ಖಾರ ತಿಂದ್ರೆ ಹೊಟ್ಟೆ ಇನ್ನಷ್ಟು ಉರಿಯುತ್ತೆ. ಮೊದಲೇ ಮಾತ್ರೆ ಹೊಟ್ಟೇನ ಕೆರೀತಿರುತ್ತೆ. ಅದಕ್ಕೆ ಬೇಡ ಅಂತಾರೆ. ಖಾರ ಮಾತ್ರೇನ ಏನೂ ನಿಲ್ಲಿಸಲ್ಲ.”

“ಏನೂ?”

“ಏನೂ ಇಲ್ಲ. ತಡ್ಕೊಳ್ಳೋಕೆ ಆದ್ರೆ ತಿನ್ನಬಹುದು. ತಡ್ಕೊಳ್ಳೋಕೆ ಆಗ್ದಿದ್ರೆ ಬೇಡ. ಅಷ್ಟೇ.”

ಅಂಗಡಿಯ ಮುಂದೆ ಸಣ್ಣ ಬೆಂಚಿತ್ತು. ನಾಲಿಗೆಯಮ್ಮ ಅದರ ಮೇಲೆ ಕೂತುಬಿಟ್ಟಳು. ಒಳಗಡೆ ಅಂಗಡಿಯವಳು ಡಾಕ್ಟರಿಗೆ ಫೋನು ಮಾಡಿ ಮಾತಾಡುತ್ತಿದ್ದದ್ದು ಎಲ್ಲೋ ದೂರದಿಂದ ಕೇಳಿದಂತೆ ಕೇಳುತ್ತಿತ್ತು. ಗೋಡೆ ಕಟ್ಟುತ್ತೇನೆಂದು ಅಕ್ಕ ಲೋಟ ಲೋಟ ಹಾಲು ಹೊತ್ತಳು. ಗೋಡೆ ಕಟ್ಟಿತು, ನಿಜ, ಮಾತ್ರೆ ಆಚೆ ಉಳಿಯಿತು. ಈ ಬಡಪಾಯಿ ಖಾರ, ಇಷ್ಟು ವರ್ಷ ಅನ್ನ ಕೊಟ್ಟ ಖಾರ, ಮಾಡದ ತಪ್ಪಿಗೆ ಬೈಸಿಕೊಂಡಿತು. ಅದನ್ನು ನಂಬಿ ಅವಳು ತನ್ನ ಕುರ್ಚಿಯನ್ನು ತಾನೇ ಕೈಯಾರೆ ಎತ್ತಿ ಕೊಟ್ಟು ಬಂದಿದ್ದಳು. ಯಾರೂ ಕಸಿದುಕೊಳ್ಳಲಿಲ್ಲ. ಹಿರಿನಾಲಿಗೆಯಿಂದಾದರೂ ಇವಳು ಕಸಿದಿದ್ದಳು. ಇವಳಿಂದ ಕಸಿದವರು ಯಾರು? ಎಮ್ಮೆಯೋ, ಹಸುವೋ.

ಅಂಗಡಿಯವಳು ಹೊಸ ಮಾತ್ರೆಗಳ ಕವರು ತಂದು ಕೈಗಿತ್ತಳು. “ಡಾಕ್ಟ್ರು ನಾಳೆಯಿಂದ ಮತ್ತೆ ಹತ್ತು ದಿನ ಅಂದ್ರು. ನಾಳೆ ಕೊಯ್ಯೋದು ಬೇಡ, ಶನಿವಾರ ನೋಡ್ತೀನಿ ಅಂದಿದಾರೆ. ಜ್ವರ ಬಂದ್ರೆ, ಕೆಂಪು ಇನ್ನೂ ಮೇಲೆ ಹತ್ತಿದ್ರೆ ಮಾತ್ರ ಶನಿವಾರಕ್ಕೆ ಕಾಯ್ಬೇಡಿ, ಓಡಿ ಬನ್ನಿ.”

“ಓಡಿ?” ಎಂದಳು ನಾಲಿಗೆಯಮ್ಮ ಕಾಲು ನೋಡಿಕೊಂಡು.

“ಆಟೋದಲ್ಲಿ ಬನ್ನಿ ಅಮ್ಮ” ಎಂದು ನಕ್ಕು ಅಂಗಡಿಯವಳು ಕವರಿನ ಮೇಲೆ ದಪ್ಪಕ್ಷರದಲ್ಲಿ ಏನೋ ಬರೆದಳು.

ಮನೆಯಲ್ಲಿ ಅಕ್ಕ ಕಾಯುತ್ತಿದ್ದಳು. ಗಿಡ್ಡ ಸ್ಟೂಲಿನ ಮೇಲೆ ಹಾಲಿನ ಲೋಟ, ಮೇಲೊಂದು ತಟ್ಟೆ ಮುಚ್ಚಿತ್ತು. ಸಂಜೆಯ ಮಾತ್ರೆಗೆಂದು ಇಟ್ಟದ್ದು.

“ಏನಂದ್ರು?”

ಬಾಯಿಯವರೆಗೆ ಬಂದ ಮಾತನ್ನು ನಾಲಿಗೆಯಮ್ಮ ನುಂಗಿದಳು. ನುಂಗುವುದು ಅವಳಿಗೆ ಹೊಸದಲ್ಲವಲ್ಲ. “ಕಾರ್ಖಾನೆ ಹಾಲು ಸರಿಯಿಲ್ವಂತೆ” ಎಂದಳು. “ಆ ಜಗ್ಗಿನ ಹಾಲಲ್ಲಿ ನುಂಗಿದ್ದಕ್ಕೆ ಮಾತ್ರೆ ಹತ್ತಿಲ್ಲ ಅಂದ್ರು. ಇನ್ಮೇಲೆ ನೀರಲ್ಲೇ ನುಂಗ್ತೀನಿ.”

“ನೋಡಿದ್ಯಾ! ನಂಗೊತ್ತಿತ್ತು. ಆ ಕಾರ್ಖಾನೇಲಿ ಹಾಲಿಗೆ ಏನು ಬೆರೆಸ್ತಾರೋ ಯಾರಿಗ್ಗೊತ್ತು” ಎಂದು ಅಕ್ಕ ಗೆದ್ದವಳಂತೆ ಸೆರಗು ಸಿಕ್ಕಿಸಿಕೊಂಡಳು. ಕವರು ಇಸಿದುಕೊಂಡು ಕಿಟಕಿಯ ಹತ್ತಿರ ಹೋದಳು, ಎಂದಿನಂತೆ ದಿನಾಂಕ ಓದಲು. ಅಂಗಡಿಯವಳ ದಪ್ಪಕ್ಷರ ಓದುತ್ತ ತುಂಬ ಹೊತ್ತು ಅಲ್ಲೇ ನಿಂತಳು. ಯಂತ್ರದ ಮುಂದೆ ಕೂತು ಒಂದಾದ ಮೇಲೊಂದು ಏಳು ಕಾಲರು ಹೊಲಿದಳು. ಎಂಟನೆಯದನ್ನು ಉಲ್ಟಾ ಹೊಲಿದು, ಬಿಚ್ಚಿದಳು.

ಸ್ಟೂಲಿನ ಮೇಲಿದ್ದ ಹಾಲು ಅಲ್ಲೇ ಆರಿ, ಮೇಲೊಂದು ತೆಳ್ಳನೆ ಪದರ ಕಟ್ಟಿತು. ಬೆಳಿಗ್ಗೆ ನೋಡಿದರೆ ಅದೇ ಸ್ಟೂಲಿನ ಮೇಲೆ ಅದೇ ಲೋಟ, ತುಂಬ ನೀರು. ಪಕ್ಕದಲ್ಲಿ ಅಕ್ಕನ ಕೈಗಡಿಯಾರ. “ಎಂಟೂವರೆಗೆ ನುಂಗು. ಹತ್ತೂವರೆವರೆಗೆ ಹಾಲಿನ ಕಡೆ ಕಣ್ಣೆತ್ತಿಯೂ ನೋಡ್ಬೇಡ. ನಂದಾಗಲಿ, ಅವರದ್ದಾಗಲಿ” ಎಂದು ಒಳಗಿನಿಂದ ಅಕ್ಕನ ದನಿ ಬಂತು. ಮುಖ ತೋರಿಸಲಿಲ್ಲ. ನಾಲಿಗೆಯಮ್ಮ ಮಾತ್ರೆ ನುಂಗಿ, ಕೈಗಡಿಯಾರ ಕಟ್ಟಿಕೊಂಡು ಹೊರಟಳು.

ಅವತ್ತು ಮೊದಲು ಹೋದದ್ದು ಗಾಜಿನ ಕೋಣೆಗೇ. “ಸರ್, ಖಾರದ್ದೇನೂ ತಪ್ಪಿಲ್ವಂತೆ. ನಾನು ಮತ್ತೆ ಕೂತ್ಕೊಳ್ತೀನಿ.”

ಮ್ಯಾನೇಜರು ಪೆನ್ನಿನ ತುದಿ ಕಚ್ಚಿದರು. “ಅಮ್ಮ, ನೀವೇ ಬೇಡ ಅಂದ್ರಿ, ನಾನು ರಿಜಿಸ್ಟರಲ್ಲಿ ಅವನ ಹೆಸರು ಹಾಕ್ಸಿಬಿಟ್ಟೆ. ತಿಂಗಳ ಕೊನೇವರೆಗೂ ಹೀಗೇ ಇರ್ಲಿ. ಆಮೇಲೆ ನೋಡೋಣ.”

ಆಮೇಲೆ ನೋಡೋಣ. ಹಿರಿನಾಲಿಗೆಗೂ ಇದೇ ಮೂರಕ್ಷರದ ಎರಡು ಪದ ಸಿಕ್ಕಿರಬೇಕು. ನಾಲಿಗೆಯಮ್ಮ ಬೆಳಕಿನ ಮೇಜಿಗೆ ಮರಳಿದಳು.

ಶನಿವಾರ ಡಾಕ್ಟರು ಗಾಯ ಒತ್ತಿ ನೋಡಿ, ಮೊದಲ ಸಲ ಗಡಿಯಾರದ ಬದಲು ಅವಳ ಮುಖ ನೋಡಿ, “ಇಳೀತಿದೆ. ಕೊಯ್ಯೋದು ಬೇಡ” ಎಂದರು. ಅವಳು ಎದ್ದು ಬಾಗಿಲವರೆಗೆ ಹೋದವಳು ತಿರುಗಿ, “ಖಾರ ತಿಂದಿದ್ದೆ ಸ್ವಾಮಿ. ಅವತ್ತು ಸುಳ್ಳು ಹೇಳ್ದೆ” ಎಂದಳು. ಅವರು ಹೂಂ ಎಂದರು. “ಹಾಲಿಂದು ನಾನೂ ಕೇಳ್ಲಿಲ್ಲ” ಎಂದು, ಯಾರಿಗೋ ಹೇಳಿದಂತೆ ಸೇರಿಸಿದರು. “ಮುಂದಿನವರು.”

ಕಾಲು ಇಳಿಯಿತು, ದಣಿವು ಇಳಿಯಲಿಲ್ಲ. ನಿಂತು ನಿಂತು ಸೊಂಟ ಹಿಡಿದು, ಸಂಜೆಯಾದರೆ ಮೂಳೆಗಳು ಒಂದೊಂದಾಗಿ ಹೆಸರು ಹೇಳಿಕೊಳ್ಳುತ್ತಿದ್ದವು. ಎಂಟು ಗಂಟೆ ದೀಪ ನೋಡಿದ ಕಣ್ಣಿಗೆ ಮುಚ್ಚಿದರೂ ಬಾಟಲಿಗಳೇ. ಕುರ್ಚಿಯಿದ್ದ ರುಚಿಯ ಕೋಣೆಯ ಕಡೆಗೆ ಅವಳು ತಲೆ ಎತ್ತುತ್ತಿರಲಿಲ್ಲ. ಕೂತವರು ತಲೆ ಎತ್ತದಿರುವುದು ಒಂದು ಬಗೆ, ನಿಂತವರು ಎತ್ತದಿರುವುದು ಇನ್ನೊಂದು ಬಗೆ ಎಂದು ಈಗ ತಿಳಿಯಿತು. ಆದರೆ ಸಾಲಿನಲ್ಲಿ ಮಾತು ಹರಿದು ಬರುತ್ತಿತ್ತು. ‘ಮೆದು’ ಎಂದು ಕಾರ್ಡು ಬರೆದ ಸಾಸು ತಿಂದು ಯಾವುದೋ ದಿನಸಿ ಅಂಗಡಿಯವರ ಮಗು ಕಿರುಚಿತಂತೆ. ‘ಉರಿ’ ಎಂದು ಹೋದದ್ದು ಸಕ್ಕರೆ ನೀರಿನ ಹಾಗಿತ್ತಂತೆ. ನಲವತ್ತು ಕ್ರೇಟು ವಾಪಸು ಬಂದು ಹಜಾರದಲ್ಲಿ ಅಡ್ಡ ಕೂತಿವೆಯಂತೆ. ಮಂಗಳವಾರ ಅವುಗಳ ಪಕ್ಕದಿಂದ ಅವಳು ಕಾಲು ಕಾಪಾಡಿಕೊಂಡು ಒಂದೊಂದೇ ಹೆಜ್ಜೆಯಿಟ್ಟು ಬಂದಳು.

ಅವತ್ತೇ, ಸರಿಯಾಗಿ ಹತ್ತು ಗಂಟೆಗೆ, ಸ್ಟೋರಿನವನು ಬೆಳಕಿನ ಮೇಜಿನ ಬಳಿ ಬಂದ. ಕೈಯಲ್ಲಿ ಚಮಚ, ಕಂಕುಳಲ್ಲಿ ಕಾರ್ಡುಗಳ ಕಟ್ಟು. ಮೀಸೆ ಜೋತುಬಿದ್ದಿತ್ತು. ಕಣ್ಣು ಎರಡೂ ಮೆಣಸಿನಕಾಯಿಯೇ.

“ನಾಲಿಗೆಯಮ್ಮಾ...” ಬಿಕ್ಕಳಿಕೆ. “ಇದೊಂದು ಸ್ವಲ್ಪ ನೋಡಿ ಹೇಳ್ತೀರಾ? ಯಾರಿಗೂ...” ಬಿಕ್ಕಳಿಕೆ. “ಯಾರಿಗೂ ಹೇಳಲ್ಲ.”

“ಯಾಕಪ್ಪಾ, ನಿಮಗೆ ನೀರು ಕುಡಿದ ಹಾಗಲ್ವಾ?”

“ಕಡಿಯೋದು ಬೇರೆ, ಹೇಳೋದು ಬೇರೆ ಅಮ್ಮಾ. ನಂಗೆ ಎಲ್ಲಾ ಒಂದೇ ಥರ ಉರಿಯುತ್ತೆ. ಎಂಟು ದಿನದಿಂದ ಕೂತ ಕಡೆ ಕೂರೋಕಾಗ್ತಿಲ್ಲ, ಬೇರೆ ಇನ್ನೇನು ಹೇಳ್ಲಿ ನಿಮಗೆ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾಲಿಗೆಯಮ್ಮನಿಗೂ ನಗು ಬಂತು, ಆದರೆ ಅದರ ಹಿಂದೆಯೇ ಆ ಕಪ್ಪು ಕನ್ನಡಕವೂ ಬಂತು. ಅವತ್ತು ಬಾಗಿಲಲ್ಲಿ ನಿಂತ ಮುದುಕಿ ಒಂದು ಮಾತು ಕೇಳಿದ್ದರೆ ತಾನು ಎದ್ದುಬಿಡುತ್ತಿದ್ದಳೇನೋ. ಅವಳು ಕೇಳಲಿಲ್ಲ, ಇವಳು ಏಳಲಿಲ್ಲ. ಕೇಳಬೇಕಾದ್ದನ್ನು ಕೇಳಿಬಿಡಬೇಕು. ಬಾಟಲಿಯನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು.

“ನೋಡ್ತೀನಿ. ನಿಂತು ನೋಡಲ್ಲ. ನಾಲಿಗೆ ಬೇಕಾದ್ರೆ ಕುರ್ಚಿ ತನ್ನಿ.”

“ಇಲ್ಲಿಗಾ?”

“ನಾನಂತೂ ಅಲ್ಲೀವರೆಗೆ ನಡೆಯೋಕಾಗಲ್ಲ. ಕಾಲು ಸರಿಯಿಲ್ಲ.”

ಅದು ಅರ್ಧ ಸುಳ್ಳು, ಅರ್ಧ ದಣಿವು. ಸ್ಟೋರಿನವನು ಗಾಜಿನ ಕೋಣೆಯ ಕಡೆ ನೋಡಿದ. ಗಾಜಿನ ಹಿಂದೆ ಮ್ಯಾನೇಜರು ಎದ್ದು ನಿಂತು ಇತ್ತಲೇ ನೋಡುತ್ತಿದ್ದರು. ಹಜಾರದ ನಲವತ್ತು ಕ್ರೇಟುಗಳನ್ನೂ ನೋಡಿದರು. ಆಮೇಲೆ ಕೂತು, ಯಾವುದೋ ಕಾಗದ ಎತ್ತಿಕೊಂಡು ಬಹಳ ಗಮನವಿಟ್ಟು ಓದತೊಡಗಿದರು. ಬೇಡ ಎನ್ನಲಿಲ್ಲ.

ಕುರ್ಚಿ ಬಂತು. ಹಂಡೆಗಳ ನಡುವೆ, ಕ್ರೇಟುಗಳ ಪಕ್ಕ, ಸಿಮೆಂಟು ನೆಲವನ್ನು ಕಿರ್ರೆಂದು ಕೆರೆಯುತ್ತ, ಅಷ್ಟೂ ಜನ ನಿಂತು ನೋಡುತ್ತಿದ್ದ ಹಾಗೆ ಹಸಿರು ರೆಕ್ಸಿನ್ ಸವಾರಿ ಬಂತು. ಹಿಂದೆಯೇ ಹಾಲಿನ ಜಗ್ಗು, ಲೋಟ, ಪೆನ್ನು. ನಾಲಿಗೆಯಮ್ಮ ಕೂತಳು. ಪುಸ್ಸೆಂದದ್ದು ದಿಂಬೋ, ಅವಳೋ ಅವಳಿಗೆ ತಿಳಿಯಲಿಲ್ಲ. ಕಾಲು ಚಾಚಿದಳು. ಅಷ್ಟು ದಿನದ ನಿಲುವು ಹಿಮ್ಮಡಿಯಿಂದ ನೆಲಕ್ಕೆ ಇಳಿದು ಹೋಯಿತು.

ಚಮಚವನ್ನು ಬಾಯಿಗಿಟ್ಟಳು. ನಾಲಿಗೆಯ ತುದಿಯಲ್ಲಿ ಬಾಗಿಲು ತಟ್ಟಿತು. ನುಂಗಿದಳು, ಗಂಟಲಲ್ಲಿ ಒಳಗೆ ಬಂತು. ಕಣ್ಣು ಮುಚ್ಚಿ ಕಾದಳು. ತುಸು ತಡವಾಗಿ, ಆದರೂ ಬಂದು, ಕಿವಿಯ ಹಿಂದೆ ಕೂತಿತು.

“ಉರಿ” ಎಂದಳು. ಬರೆದು ಸಹಿ ಹಾಕಿದಳು.

ಹೊಟ್ಟೆಯಲ್ಲಿ ಇದ್ದಿಲು ಕೆಂಡವಾಯಿತು. ಕಣ್ಣಲ್ಲಿ ನೀರು ತುಂಬಿತು. ಸ್ಟೋರಿನವನು ಗಡಿಬಿಡಿಯಿಂದ ಲೋಟಕ್ಕೆ ಹಾಲು ಬಗ್ಗಿಸಿ ಮುಂದೆ ಹಿಡಿದ. ತಣ್ಣನೆ ಹಾಲು, ಲೋಟದ ಹೊರಗೆಲ್ಲ ಹನಿ ಕಟ್ಟಿತ್ತು. ನಾಲಿಗೆಯಮ್ಮ ಕೈ ಚಾಚಿದಳು. ಚಾಚಿದ ಕೈಯಲ್ಲಿ ಅಕ್ಕನ ಗಡಿಯಾರ ಕಂಡಿತು.

ಹತ್ತೂ ಹತ್ತು.

“ಅಲ್ಲೇ ಇಡಪ್ಪಾ” ಎಂದಳು ಉಸಿರೆಳೆದುಕೊಂಡು. “ಇನ್ನೂ ಇಪ್ಪತ್ತು ನಿಮಿಷ ಇದೆ.”

ಅವಳು ಬೆನ್ನು ಒರಗಿಸಿ, ಬಾಯಿ ತುಂಬ ಬೆಂಕಿಯಿಟ್ಟುಕೊಂಡು, ಹಾಲನ್ನೇ ನೋಡುತ್ತ ಕೂತಳು.